ಮಲೇಷ್ಯಾ: ಅಂಗಡಿಗೆ ಬಡ್ಡಿಯಿಲ್ಲದ ಕ್ರೌಡ್‌ಫಂಡಿಂಗ್, ಲೆಕ್ಕ ಹೇಗೆ?

ಕುಡ್ಲ_ಕೆಎಲ್: ಕೌಲಾಲಂಪುರದಲ್ಲಿ ಬೇಕರಿಗೆ 50,000 ರಿಂಗಿಟ್ ಬೇಕು. ಪಿ2ಪಿ ವೇದಿಕೆಯವರು (ಹಲವು ಹೂಡಿಕೆದಾರರಿಂದ ದುಡ್ಡು ಸೇರಿಸಿ ಕೊಡಿಸುವವರು) ಮುರಾಬಹಾ ಅಂತಾರೆ, ಅಂದರೆ ಇಸ್ಲಾಮಿಕ್ ಪದ್ಧತಿಯಲ್ಲಿ ಲಾಭ ಸೇರಿಸಿ ಸರಕು ಮಾರುವ ಒಪ್ಪಂದ, 12 ತಿಂಗಳಿಗೆ 56,000 ವಾಪಸ್. ಇದು ಬಡ್ಡಿಗಿಂತ ಹೇಗೆ ಬೇರೆ?

ಲೆಕ್ಕಿಗ: ನಡುವೆ ಸರಕಿನ ವ್ಯಾಪಾರ ಇರುತ್ತೆ. ಹೂಡಿಕೆದಾರರ ಪರವಾಗಿ ವೇದಿಕೆ ಏಜೆಂಟ್ ಆಗಿ ಸರಕು ಕೊಂಡು, ನಿಮಗೆ 56,000ಕ್ಕೆ ಕಂತಿನಲ್ಲಿ ಮಾರುತ್ತೆ. ಅದನ್ನೇ ನಿಮ್ಮ ಪರವಾಗಿ ಬೇರೆಯವರಿಗೆ 50,000ಕ್ಕೆ ಮಾರಿ ನಗದು ಕೊಡುತ್ತೆ. ಕ್ರಮ ತಪ್ಪಬಾರದು: ದುಡ್ಡು ಮೊದಲು ಬಂದು ಸರಕಿನ ಕಾಗದ ಆಮೇಲೆ ಆದರೆ ಅದು ಬರೀ ಸಾಲವೇ. ಖರೀದಿ, ಮಾರಾಟದ ಪತ್ರಗಳಲ್ಲಿ ಗಂಟೆ-ನಿಮಿಷ ನೋಡಿ.

ಹಾಂ, 50,000ಕ್ಕೆ 6,000 ಹೆಚ್ಚು, ಬರೀ 12% ಅಂತ ಮೋಸಹೋಗಬೇಡಿ. ತಿಂಗಳಿಗೆ ಸುಮಾರು 4,667ರಂತೆ ಅಸಲೂ ಕರಗುವುದರಿಂದ ನಿಜವಾದ ವಾರ್ಷಿಕ ಹೊರೆ ಸುಮಾರು 21.5%. ಬೇಗ ತೀರಿಸಿದರೆ ಎಷ್ಟು ರಿಯಾಯಿತಿ (ಇಬ್ರಾ) ಅಂತ ಒಪ್ಪಂದದಲ್ಲೇ ಬರೆಸಿ. ತಡವಾದರೆ ಹಾಕುವ ದಂಡ ಹೂಡಿಕೆದಾರರ ಲಾಭವಾಗುವಂತಿಲ್ಲ, ದಾನಕ್ಕೆ ಹೋಗಬೇಕು. ಆಗಿರುವ ನಷ್ಟವನ್ನಷ್ಟೇ ವಸೂಲಿ ಮಾಡಬಹುದು.

ಬಂದರ್_ಸಾಹೇಬ: ವ್ಯಾಪಾರ ಏರಿಳಿತದ್ದಾದರೆ ಮುಶಾರಕಾ (ಬಂಡವಾಳ ಹಾಕಿ ಲಾಭ-ನಷ್ಟ ಹಂಚಿಕೊಳ್ಳುವ ಪಾಲುದಾರಿಕೆ) ವಾಸಿ. ಬಂಡವಾಳದಲ್ಲಿ ಹೂಡಿಕೆದಾರರದು 70%, ನಿಮ್ಮದು 30% ಅಂದುಕೊಳ್ಳಿ. ಲಾಭ ಅರ್ಧರ್ಧ ಹಂಚಬಹುದು, ನಷ್ಟ ಮಾತ್ರ 70-30ರಲ್ಲೇ. ಅಸಲಿಗೆ ನೀವು ಗ್ಯಾರಂಟಿ ಕೊಟ್ಟರೆ ಒಪ್ಪಂದ ಕೆಟ್ಟಿತು. ತೊಡಕಾಗೋದು ಲೆಕ್ಕಪುಸ್ತಕದಲ್ಲಿ: ಮಾಲೀಕರ ಸಂಬಳ ಖರ್ಚೋ ಲಾಭವೋ ಅಂತ ಮೊದಲೇ ತೀರ್ಮಾನಿಸದಿದ್ದರೆ ಜಗಳ ಗ್ಯಾರಂಟಿ.

ಕುಡ್ಲ_ಕೆಎಲ್: ಇದನ್ನೇ ಮಂಗಳೂರಿನಲ್ಲಿ ಮಾಡಬಹುದಾ?

ಲೆಕ್ಕಿಗ: ಹಾಗೇ ಆಗಲ್ಲ. ಮಲೇಷ್ಯಾದಲ್ಲಿ ಇಂಥ ವೇದಿಕೆಗಳಿಗೆ ಸೆಕ್ಯುರಿಟೀಸ್ ಕಮಿಷನ್ (ಬಂಡವಾಳ ಮಾರುಕಟ್ಟೆ ನಿಯಂತ್ರಕ) ನೋಂದಣಿ ಇದೆ. ಇಲ್ಲಿ ಸಿಕ್ಕಸಿಕ್ಕವರಿಂದ ದುಡ್ಡೆತ್ತಿದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಕುತ್ತಿಗೆಗೆ ಬರುತ್ತೆ. ಪರಿಚಿತರು ನಾಲ್ಕೈದು ಜನ ಸೇರಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿ, ಲಾಭ-ನಷ್ಟದ ಪಾಲು ಅದರ ಒಪ್ಪಂದದಲ್ಲಿ ಬರೆಸಿ. ತಿಂಗಳಿಗಿಷ್ಟು ಖಚಿತ 'ಹಲಾಲ್ ಲಾಭ' ಅನ್ನುವವರ ಹತ್ತಿರ ಹೋಗಲೇಬೇಡಿ.