ಪ್ರಶ್ನೋತ್ತರ: ಪೋಶ್ ತರಬೇತಿ, ಆಂತರಿಕ ಸಮಿತಿ – ನಿಮ್ಮ ಪ್ರಶ್ನೆ, ಟ್ರೈನರ್ ಮೇಡಂ ಉತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಣ್ಣ ಉದ್ದಿಮೆಗಳಿಗೆ ಕಾರ್ಮಿಕ ಕಾನೂನಿನ ತರಬೇತಿ ಕೊಡುವ ಮೇಡಂ ಇವತ್ತು ನಮ್ಮ ಗುಂಪಿನಲ್ಲಿದ್ದಾರೆ. ವಿಷಯ ಒಂದೇ: ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ನಾವೆಲ್ಲ ಪೋಶ್ ಅಂತ ಕರೆಯುವುದು. ಕಂಪನಿ ಹೆಸರು, ವ್ಯಕ್ತಿ ಹೆಸರು ಹಾಕಬೇಡಿ. ಫಾರ್ವರ್ಡ್ ಹಾಕಬೇಡಿ.

ಪ್ಯಾಕಿಂಗ್ ಯೂನಿಟ್: ಮೇಡಂ ನಮಸ್ತೆ. ನಮ್ಮಲ್ಲಿ 14 ಜನ ಇದ್ದೇವೆ, ಮಹಿಳೆಯರು ಮೂವರೇ. 10 ಮಹಿಳೆಯರಿದ್ದರೆ ಮಾತ್ರ ಸಮಿತಿ ಬೇಕು ಅಂತ ನಮ್ಮ ಆಡಿಟರ್ ಹೇಳಿದ್ದಾರೆ. ಸರೀನಾ?

ಟ್ರೈನರ್: ನಮಸ್ತೆ. ಸರಿಯಲ್ಲ. ಒಟ್ಟು ಕೆಲಸಗಾರರ ಲೆಕ್ಕ, ಗಂಡಸರು ಹೆಂಗಸರು ಎಲ್ಲ ಸೇರಿ. 10 ಜನ ಇದ್ದರೆ, ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಬೇಕು. ಕಾಂಟ್ರಾಕ್ಟ್‌ನವರು, ಟ್ರೈನಿಗಳು, ಅಪ್ರೆಂಟಿಸ್‌ಗಳು ಎಲ್ಲರೂ ಆ ಲೆಕ್ಕದಲ್ಲೇ ಬರುತ್ತಾರೆ. ಬೇರೆ ಊರಲ್ಲಿ ಬ್ರಾಂಚ್ ಇದ್ದರೆ ಅಲ್ಲಿಗೆ ಬೇರೆ ಸಮಿತಿ. 10ಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯಲ್ಲಿರುವ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಹೊಸ ಎಚ್ಆರ್: ಮೇಡಂ, ಸಮಿತಿಯಲ್ಲಿ ಯಾರ್ಯಾರು ಇರಬೇಕು?

ಟ್ರೈನರ್: ಪ್ರಿಸೈಡಿಂಗ್ ಆಫೀಸರ್, ಅಂದರೆ ಸಮಿತಿಯ ಮುಖ್ಯಸ್ಥೆ, ಆಗಿ ಹಿರಿಯ ಹುದ್ದೆಯಲ್ಲಿರುವ ಒಬ್ಬ ಮಹಿಳೆ. ನೌಕರರಿಂದ ಕನಿಷ್ಠ ಇಬ್ಬರು. ಹೊರಗಿನಿಂದ ಒಬ್ಬರು, ಈ ವಿಷಯ ಗೊತ್ತಿರುವವರು. ಒಟ್ಟಿನಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಅವಧಿ ಮೂರು ವರ್ಷ ಮೀರುವಂತಿಲ್ಲ. ಹೊರಗಿನವರು ಅಂದರೆ ಮಾಲೀಕರ ಸ್ನೇಹಿತರ ಮನೆಯವರು ಅಂತ ಅರ್ಥ ಅಲ್ಲ, ನಾನು ಜಾಸ್ತಿ ನೋಡಿರುವುದು ಅದನ್ನೇ.

ಎರಡನೇ ಶಿಫ್ಟ್: ಮೇಡಂ, ಓಟಿ ಡಬಲ್ ಕೊಡಬೇಕು ಅಲ್ವಾ? ನಮ್ಮಲ್ಲಿ ಸಿಂಗಲ್ ಕೊಡ್ತಾರೆ.

ಹೆಸರು ಬೇಡ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಾನು ಒಂದು ಯೂನಿಟ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಂದು ತಿಂಗಳ ಹಿಂದೆ ಅಪ್ರೆಂಟಿಸ್ ಹುಡುಗಿಯೊಬ್ಬಳು ನಾಲ್ಕು ಮಡಿಕೆ ಮಾಡಿದ ಹಾಳೆ ತಂದು ನನ್ನ ಕೈಗಿಟ್ಟಳು. ನನಗ್ಯಾಕಮ್ಮ ಅಂದೆ. ಬೋರ್ಡ್‌ನಲ್ಲಿ ನಿಮ್ಮ ಹೆಸರೇ ಇದೆಯಲ್ಲ ಅಕ್ಕ ಅಂದಳು. ಹೋಗಿ ನೋಡಿದರೆ ಟೈಮ್ ಆಫೀಸ್ ಪಕ್ಕದ ನೋಟಿಸ್‌ನಲ್ಲಿ ಪ್ರಿಸೈಡಿಂಗ್ ಆಫೀಸರ್ ಅಂತ ನನ್ನ ಹೆಸರಿದೆ. ನನಗೆ ಯಾರೂ ಹೇಳಿರಲಿಲ್ಲ. ದೂರು [ಅಡ್ಮಿನ್ ತೆಗೆದಿದ್ದಾರೆ] ವಿಭಾಗದ ಮ್ಯಾನೇಜರ್ ಮೇಲೆ. ಕಂಪನಿ ಗಾಡಿಯಲ್ಲಿ ಮನೆಗೆ ಬಿಡುವಾಗ [ಅಡ್ಮಿನ್ ತೆಗೆದಿದ್ದಾರೆ], ಆಮೇಲೆ ರಾತ್ರಿ ಮೆಸೇಜ್‌ಗಳು. ಮಾಲೀಕರಿಗೆ ಹೇಳಿದೆ. ಅವರು ಇಬ್ಬರನ್ನೂ ಕ್ಯಾಬಿನ್‌ಗೆ ಕರೆದು ಕೂರಿಸಿದರು. ಮ್ಯಾನೇಜರ್ "ತಂಗಿ ಥರ ನೋಡ್ಕೊಂಡಿದ್ದೆ, ತಪ್ಪು ತಿಳ್ಕೊಂಡಿದ್ದಾಳೆ, ಬೇಜಾರಾಗಿದ್ರೆ ಸಾರಿ" ಅಂದರು. ಹುಡುಗಿ ತಲೆ ಎತ್ತಲಿಲ್ಲ. ಮಾಲೀಕರು ಟೀ ತರಿಸಿದರು, ಮುಗೀತು ಅಂದರು. ಅವಳ ಟೀ ಹಾಗೇ ಆರಿತ್ತು. ಈಗ ಸಮಿತಿ ಸಭೆ ನಡೆದು ಎರಡೂ ಕಡೆಯವರು ರಾಜಿಯಾದರು ಅಂತ ಮಿನಿಟ್ಸ್ ಬರೆದು, ಹಿಂದಿನ ತಾರೀಖು ಹಾಕಿ ಸಹಿ ಮಾಡು ಅಂತಿದ್ದಾರೆ. ಜೊತೆಗೆ ಒಂದು ಹಾಜರಾತಿ ಶೀಟ್, ವರ್ಷದ ಹಿಂದೆ ತರಬೇತಿ ನಡೆದಿದೆ ಅಂತ. ಫೈಲ್‌ಗೆ ಹಾಕುವ ಫೋಟೋ ಆಯುಧ ಪೂಜೆಯದ್ದು. ನಾಳೆ ಬೆಳಿಗ್ಗೆ ಸಹಿ ಆಗಬೇಕಂತೆ. ಹುಡುಗಿ ಕೆಲಸಕ್ಕೆ ಬರ್ತಿದ್ದಾಳೆ, ಯಾರ ಜೊತೆಗೂ ಮಾತಾಡ್ತಿಲ್ಲ. ಕೊನೆಯ ಘಟನೆ ಆಗಿ ಐದು ವಾರ ಆಯಿತು.

ಪ್ಯಾಕಿಂಗ್ ಯೂನಿಟ್: ಸಾರಿ ಕೇಳಿದ ಮೇಲೆ ಮುಗೀತಲ್ಲ?

ಟ್ರೈನರ್: ಹೆಸರು ಬೇಡ ಅಂದವರೇ, ಮೊದಲು ಎರಡು ಮಾತು. ಸಹಿ ಮಾಡಬೇಡಿ. ಮತ್ತೆ, ವಿಭಾಗದ ಹೆಸರು, ಗಾಡಿಯಲ್ಲಿ ಏನಾಯಿತು ಅನ್ನುವುದು ಇಲ್ಲಿ ಬರಬಾರದಿತ್ತು. ದೂರಿನ ವಿವರ, ದೂರು ಕೊಟ್ಟವಳ ಗುರುತು ಹೊರಗೆ ಬಿಡಬಾರದು ಅಂತ ಕಾಯ್ದೆಯ 16ನೇ ಕಲಂ ಹೇಳುತ್ತದೆ, ಅದು ಸಮಿತಿಯವರಿಗೇ ಮೊದಲು ಅನ್ವಯ. ಅಡ್ಮಿನ್ ತೆಗೆದದ್ದು ಒಳ್ಳೆಯದಾಯಿತು.

ಈಗ ವಿಷಯಕ್ಕೆ. ಕ್ಯಾಬಿನ್‌ನಲ್ಲಿ ನಡೆದದ್ದು ರಾಜಿ ಅಲ್ಲ. ಕಾಯ್ದೆಯಲ್ಲಿ ರಾಜಿಗೆ ಜಾಗ ಇದೆ, ಆದರೆ ವಿಚಾರಣೆ ಶುರುವಾಗುವ ಮೊದಲು, ದೂರು ಕೊಟ್ಟವಳು ತಾನಾಗಿ ಕೇಳಿದರೆ, ಸಮಿತಿಯ ಮೂಲಕ. ದುಡ್ಡು ಕೊಟ್ಟು ಮುಗಿಸುವಂತಿಲ್ಲ. ಮಾಲೀಕರು ಕರೆದು ಟೀ ಕುಡಿಸಿ ಮುಗಿಸುವುದಕ್ಕೆ ಕಾಯ್ದೆಯಲ್ಲಿ ಹೆಸರೇ ಇಲ್ಲ. ಕಂಪನಿ ಗಾಡಿ ಕೆಲಸದ ಜಾಗ ಅಲ್ಲ ಅಂತ ನಾಳೆ ಯಾರಾದರೂ ವಾದ ಮಾಡುತ್ತಾರೆ, ಕಾದು ನೋಡಿ. ಕೆಲಸಕ್ಕಾಗಿ ಮಾಲೀಕರು ಕೊಡುವ ವಾಹನವೂ ಕೆಲಸದ ಜಾಗವೇ. ಅಪ್ರೆಂಟಿಸ್ ಕೂಡ ನೌಕರಳೇ.

ಸಮಯ ಇದೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಅವಳು ಕೊಟ್ಟ ಹಾಳೆಯೇ ದೂರು. ಅದು ಪೂರ್ತಿ ಇಲ್ಲ ಅನಿಸಿದರೆ ಬರೆಯಲು ಸಹಾಯ ಮಾಡುವುದು ನಿಮ್ಮ ಕರ್ತವ್ಯ, ಉಪಕಾರ ಅಲ್ಲ. ಸಾಕ್ಷಿಗಳ ಹೆಸರು, ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಸೇರಿಸಿ ಆರು ಪ್ರತಿ. ಏಳು ಕೆಲಸದ ದಿನದೊಳಗೆ ಒಂದು ಪ್ರತಿ ಆ ಮ್ಯಾನೇಜರ್‌ಗೆ ಹೋಗಬೇಕು, ಅವರು ಹತ್ತು ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆಗೆ ನೀವೂ ಸೇರಿ ಕನಿಷ್ಠ ಮೂವರು ಕೂರಬೇಕು.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ. ಆ ಹುಡುಗಿಯ ತರಬೇತಿ ರಿಪೋರ್ಟ್‌ಗೆ ಸಹಿ ಹಾಕುವವರು ಯಾರು? ಆ ಮ್ಯಾನೇಜರ್ ಅಲ್ಲ ತಾನೇ? ಹೌದಾದರೆ ಅವಳು ಮಾತಾಡದೇ ಇರುವುದಕ್ಕೆ ಅದೇ ಕಾರಣ ಇರಬಹುದು. ಅವಳು ಲಿಖಿತವಾಗಿ ಕೇಳಿದರೆ ಸಮಿತಿ ಅದನ್ನು ಬೇರೆಯವರಿಗೆ ವಹಿಸಲು ಹೇಳಬಹುದು, ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಲು ಹೇಳಬಹುದು, ಮೂರು ತಿಂಗಳವರೆಗೆ ರಜೆ ಕೊಡಿಸಬಹುದು, ಅದು ಅವಳ ಮಾಮೂಲಿ ರಜೆಯಿಂದ ಕಳೆಯುವಂತಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ, ಹೇಳಿ. ಮತ್ತೆ ಕೆಲಸ ಬದಲಿಸುವ ಮಾತು ಬಂದಾಗ ಎಲ್ಲರೂ ಹುಡುಗಿಯನ್ನೇ ಎತ್ತಿ ಬೇರೆ ಕಡೆ ಹಾಕುತ್ತಾರೆ. ಅವಳು ಕೇಳದೆ ಹಾಗೆ ಮಾಡಲು ಬಿಡಬೇಡಿ.

ಹಾಜರಾತಿ ಶೀಟ್ ವಿಷಯ. ನಾನೊಮ್ಮೆ ಒಂದು ಫ್ಯಾಕ್ಟರಿಗೆ ತರಬೇತಿ ಕೊಡಲು ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಶೀಟ್ ಪೂರ್ತಿ ಸಹಿಯಾಗಿತ್ತು. ಎಲ್ಲಾ ಒಂದೇ ಪೆನ್ನು, ನೀಲಿ ಜೆಲ್, ಒಂದೇ ವಾಲು. ಹನ್ನೊಂದನೇ ಸಾಲಿನಲ್ಲಿದ್ದಾಕೆ ಹೆರಿಗೆ ರಜೆಯಲ್ಲಿದ್ದಳು. ನಿಮ್ಮ ಫೈಲ್ ನಾಳೆ ಯಾರಾದರೂ ತೆರೆದರೆ ಮೊದಲು ಸಿಕ್ಕಿಬೀಳುವುದು ಸಹಿ ಮಾಡಿದವರೇ, ಮಾಲೀಕರಲ್ಲ. ನಾಳೆ ಮಾಲೀಕರಿಗೆ ಜಗಳ ಇಲ್ಲದೆ ಒಂದು ಸಾಲಿನ ಮೇಲ್ ಹಾಕಿ: "ನನಗೆ ಬಂದ ದೂರನ್ನು ಸಮಿತಿಯ ಮುಂದೆ ಇಡುತ್ತಿದ್ದೇನೆ, ಹೊರಗಿನ ಸದಸ್ಯರನ್ನು ಕರೆಸಿ." ಅಷ್ಟೇ. ಮಾಲೀಕರ ಮೇಲೆ ಆರೋಪ ಬರೆಯಬೇಡಿ. ಹೊರಗಿನ ಸದಸ್ಯರು ಯಾರು?

ಹೆಸರು ಬೇಡ: ಮಾಲೀಕರ ಸ್ನೇಹಿತರ ಪತ್ನಿ ಮೇಡಂ. ಇದುವರೆಗೆ ಬಂದಿಲ್ಲ. ರಿಪೋರ್ಟ್‌ಗೆ ಸಹಿ ಹಾಕುವುದು ಆ ಮ್ಯಾನೇಜರೇ.

ಟ್ರೈನರ್: ಅಂದುಕೊಂಡೆ.

ಫೌಂಡ್ರಿ: ಇದು ನಮ್ಮ ವಾಟ್ಸಾಪ್‌ಗೆ ಬಂದಿದ್ದು, ಎಲ್ಲರಿಗೂ ಉಪಯೋಗ: "ಮಾಲೀಕರೇ ಎಚ್ಚರ! ಕೆಲಸಕ್ಕೆ ಸೇರುವಾಗಲೇ ಮಹಿಳಾ ನೌಕರರಿಂದ ದೂರು ಕೊಡುವುದಿಲ್ಲ ಎಂದು ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಳ್ಳಿ. ನೋಟರಿ ಮಾಡಿಸಿ. ಆನ್‌ಲೈನ್ ಸರ್ಟಿಫಿಕೇಟ್ ಪಡೆದರೆ ಐದು ವರ್ಷ ಯಾರೂ ಮುಟ್ಟುವಂತಿಲ್ಲ!!"

ಟ್ರೈನರ್: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲ ಸಾಲಲ್ಲೇ ಹೇಳಿದ್ದಾರೆ. ಕಾನೂನು ಕೊಟ್ಟ ಹಕ್ಕನ್ನು ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡು ಕಿತ್ತುಕೊಳ್ಳಲು ಆಗುವುದಿಲ್ಲ. ಆ ಕಾಗದ ದೂರಿನ ದಿನ ನಿಮ್ಮನ್ನು ಉಳಿಸುವುದಿಲ್ಲ, ಇವರಿಗೆ ಮೊದಲೇ ಏನೋ ಭಯ ಇತ್ತು ಅಂತ ಸಾಕ್ಷಿ ಹೇಳುತ್ತದೆ. ಐದು ವರ್ಷದ ಸರ್ಟಿಫಿಕೇಟ್ ಅನ್ನುವುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಿಯಮಿತವಾಗಿ ತಿಳಿವಳಿಕೆ ಕಾರ್ಯಕ್ರಮ ಮಾಡಿ, ಸಮಿತಿಯವರಿಗೆ ಬೇರೆ ತರಬೇತಿ ಕೊಡಿ ಅಂತ 19ನೇ ಕಲಂ ಇದೆ, ಅಷ್ಟೇ.

ಫೌಂಡ್ರಿ: ನಾನು ಸುಮ್ನೆ ಹಾಕಿದೆ ಮೇಡಂ, ಎಲ್ಲರಿಗೂ ಗೊತ್ತಾಗಲಿ ಅಂತ.

ಟ್ರೈನರ್: ಗೊತ್ತಾಗುವುದು ತಪ್ಪು ವಿಷಯ. ಡಿಲೀಟ್ ಮಾಡಿ.

ಹೊಸ ಎಚ್ಆರ್: ಸಮಿತಿ ಮಾಡದಿದ್ದರೆ ದಂಡ ಎಷ್ಟು?

ಟ್ರೈನರ್: 50,000 ರೂಪಾಯಿವರೆಗೆ. ಅದೇ ತಪ್ಪು ಮತ್ತೆ ಮಾಡಿದರೆ ಎರಡರಷ್ಟು, ಲೈಸೆನ್ಸ್ ಕೂಡ ಹೋಗಬಹುದು.

ಗ್ಯಾರೇಜ್ ಮಾಲೀಕ: ಮೇಡಂ, ನಮ್ಮಲ್ಲಿ 12 ಜನ. ಹೆಂಗಸರು ಇಬ್ಬರೇ. ನಮಗೂ ಬೇಕಾ?

ಟ್ರೈನರ್: ಮೇಲೆ ಓದಿ.

ಲೇತ್ ವರ್ಕ್ಸ್: ಇದೆಲ್ಲ ಎಸಿ ಆಫೀಸ್‌ನವರಿಗೆ ಮಾಡಿದ ಕಾನೂನು. ನಮ್ಮಂಥ ಕಡೆ ಎಲ್ಲರೂ ಒಂದೇ ಮನೆಯವರ ಥರ ಇರ್ತೀವಿ. ಈಗ ಒಂದು ಮಾತಾಡಿದರೂ ಕೇಸು. ಸುಳ್ಳು ದೂರು ಕೊಟ್ಟರೆ ಯಾರು ಹೊಣೆ?

ಸ್ಟೋರ್ಸ್: ಒಂದೇ ಮನೆಯವರಂತೆ. ಮನೆಯಲ್ಲಿ ಅಣ್ಣ ರಾತ್ರಿ ಹನ್ನೊಂದಕ್ಕೆ ತಂಗಿಗೆ "ಏನು ಹಾಕ್ಕೊಂಡಿದ್ದೀಯ" ಅಂತ ಮೆಸೇಜ್ ಮಾಡ್ತಾನಾ?

ಲೇತ್ ವರ್ಕ್ಸ್: ನಾನು ಆ ಕೇಸ್ ಬಗ್ಗೆ ಹೇಳಿಲ್ಲ. ಎರಡೂ ಕಡೆ ಕೇಳಬೇಕು ಅಂತಿದ್ದೀನಿ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ.

ಸ್ಟೋರ್ಸ್: ಈ ಗಾದೆ ಕೇಳೀ ಕೇಳೀ ಸಾಕಾಗಿದೆ. ಕೆನ್ನೆಗೆ ಹೊಡೆಯೋಕೆ ಒಂದು ಕೈ ಸಾಕು.

ಲೇತ್ ವರ್ಕ್ಸ್: ನಿಮ್ಮಂಥವರಿಂದಲೇ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತಗೊಳ್ಳೋಕೆ ಜನ ಹೆದರ್ತಿರೋದು.

ಸ್ಟೋರ್ಸ್: ಹೆದರೋರು ಯಾಕೆ ಹೆದರ್ತಾರೆ ಅಂತ ಎಲ್ಲರಿಗೂ ಗೊತ್ತು.

ಅಡ್ಮಿನ್: ಇಬ್ಬರೂ ಸಮಾಧಾನ.

ಟ್ರೈನರ್: ಎಸಿ ಆಫೀಸ್ ಅಂದವರಿಗೆ. ಈ ಕಾನೂನಿನ ಬೇರು ಇರುವುದು ರಾಜಸ್ಥಾನದ ಒಂದು ಹಳ್ಳಿಯಲ್ಲಿ. ಭಂವರಿ ದೇವಿ ಸರ್ಕಾರದ ಕಾರ್ಯಕ್ರಮದಲ್ಲಿ ಹಳ್ಳಿ ಮಟ್ಟದ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. ಅದರ ಹಿಂದೆಯೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್‌ಗೆ ಹೋದವು, 1997ರಲ್ಲಿ ವಿಶಾಖಾ ತೀರ್ಪು ಬಂತು, ದೂರು ಸಮಿತಿ ಅನ್ನುವುದು ಅಲ್ಲಿಂದ ಶುರು. ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. ಎಸಿ ಎಲ್ಲಿಂದ ಬಂತು ಇದರಲ್ಲಿ?

ಸುಳ್ಳು ದೂರಿಗೆ 14ನೇ ಕಲಂ ಇದೆ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಸುಳ್ಳು ದೂರು ಕೊಟ್ಟರು ಅಂತ ವಿಚಾರಣೆಯಲ್ಲಿ ಸಾಬೀತಾದರೆ ಕ್ರಮ ಇದೆ. ಸಾಕ್ಷಿ ಸಾಲಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ. ಇದನ್ನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಪ್ರತಿ ಸಲವೂ ಮೊದಲ ಅರ್ಧ ಮಾತ್ರ ಜನರ ಕಿವಿಗೆ ಬೀಳುತ್ತದೆ.

ಲೇತ್ ವರ್ಕ್ಸ್: ಸರಿ ಮೇಡಂ, ಪಾಠ ಆಯಿತು. ಗಂಡಸರಿಗೆ ಕಿರುಕುಳ ಆದರೆ?

ಟ್ರೈನರ್: ಈ ಕಾಯ್ದೆಯಡಿ ದೂರು ಕೊಡುವವರು ಮಹಿಳೆ. ನಿಮ್ಮ ಕಂಪನಿ ಪಾಲಿಸಿಯಲ್ಲಿ ಗಂಡಸರನ್ನೂ ಸೇರಿಸಿಕೊಳ್ಳಲು ಯಾರೂ ಬೇಡ ಅಂದಿಲ್ಲ. ಪಾಲಿಸಿ ಬರೆದಿದ್ದೀರಾ?

ಸ್ಟೋರ್ಸ್: ಉತ್ತರ ಬರಲ್ಲ ಬಿಡಿ.

ಲೇತ್ ವರ್ಕ್ಸ್: ನಿಮ್ಮನ್ನು ಕೇಳಿಲ್ಲ.

ಪ್ಯಾಕಿಂಗ್ ಯೂನಿಟ್: ಮೇಡಂ, ವಿಚಾರಣೆಗೆ ಲಾಯರ್ ಕರ್ಕೊಂಡು ಬರಬಹುದಾ?

ಟ್ರೈನರ್: ಇಲ್ಲ. ಸಮಿತಿಯ ಮುಂದೆ ಎರಡೂ ಕಡೆಗೂ ಲಾಯರ್ ಇಲ್ಲ.

ಹಳೇ ಗುಮಾಸ್ತ: ಪಿಎಫ್ ಕಟ್ ಮಾಡಿ ಜಮಾ ಮಾಡದಿದ್ದರೆ ಎಲ್ಲಿ ದೂರು ಕೊಡಬೇಕು?

ಬೇಕರಿ ಯೂನಿಟ್: ನಮ್ಮಲ್ಲಿ 18 ಜನ, ಅದರಲ್ಲಿ ಮಹಿಳೆಯರು 6. ಸಮಿತಿ ಬೇಕಾ? ದಯವಿಟ್ಟು ತಿಳಿಸಿ.

ಟ್ರೈನರ್: 10. ಒಟ್ಟು. ಹೆಂಗಸರು ಗಂಡಸರು ಸೇರಿ. ಅಡ್ಮಿನ್, ಇದನ್ನು ಪಿನ್ ಮಾಡ್ತೀರಾ?

ಅಡ್ಮಿನ್: ಮಾಡಿದೆ ಮೇಡಂ.

ಎರಡನೇ ಶಿಫ್ಟ್: ಓಟಿ ಬಗ್ಗೆ ಕೇಳಿದ್ದೆ ಮೇಡಂ.

ಫೌಂಡ್ರಿ: ಇನ್ನೊಂದು ಬಂದಿದೆ, ಇದು ಫಾರ್ವರ್ಡ್ ಅಲ್ಲ, ನಮ್ಮ ಕನ್ಸಲ್ಟಂಟ್ ಕಳಿಸಿದ್ದು: "ಮೂರು ಪ್ರಶ್ನೆಗೆ ಉತ್ತರಿಸಿ ನಿಮ್ಮ ಎಲ್ಲ ನೌಕರರಿಗೆ ತರಬೇತಿ ಪೂರ್ಣ..."

ಟ್ರೈನರ್: ನೌಕರರ ಬದಲು ನೀವು ಮೂರು ಟಿಕ್ ಹಾಕಿದರೆ ಅವರಿಗೆ ಏನು ತರಬೇತಿ ಆಯಿತು? ಕನ್ಸಲ್ಟಂಟ್‌ಗೆ ನನ್ನ ನಮಸ್ಕಾರ ತಿಳಿಸಿ.

ಹೆಸರು ಬೇಡ: ಮೇಡಂ, ಇದ್ದೀರಾ? ಮಾಲೀಕರು ಫೋನ್ ಮಾಡಿದ್ದರು. ನಾಳೆ ಸಹಿ ಮಾಡಲ್ಲ ಅಂದೆ. ಹಾಗಿದ್ದರೆ ನಿನ್ನನ್ನು ಸಮಿತಿಯಿಂದ ತೆಗೆದು ಬೇರೆಯವರನ್ನು ಹಾಕ್ತೀನಿ ಅಂದರು. ಕೈ ನಡುಗ್ತಿದೆ.

ಸ್ಟೋರ್ಸ್: ಧೈರ್ಯವಾಗಿರಿ ಅಕ್ಕ.

ಟ್ರೈನರ್: ಇದ್ದೇನೆ. ಸಹಿ ಹಾಕಲಿಲ್ಲ ಅಂತ ತೆಗೆಯಲು ಬರುವುದಿಲ್ಲ. ಸಮಿತಿಯವರನ್ನು ತೆಗೆಯಲು ಕಾಯ್ದೆಯಲ್ಲೇ ಕಾರಣ ಬರೆದಿದೆ: ಗೋಪ್ಯತೆ ಮುರಿದರೆ, ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಅಥವಾ ಕೇಸಿನ ತನಿಖೆ ನಡೆಯುತ್ತಿದ್ದರೆ, ಶಿಸ್ತು ಕ್ರಮ ಇದ್ದರೆ, ಸ್ಥಾನ ದುರುಪಯೋಗ ಮಾಡಿದರೆ. ಹೊಸ ಶಿಸ್ತು ಕ್ರಮ ಹುಟ್ಟಿಸಲು ನೋಡಬಹುದು, ಅದಕ್ಕೇ ಇನ್ನು ಮುಂದೆ ಈ ಗುಂಪಿನಲ್ಲಿ ಆ ದೂರಿನ ಬಗ್ಗೆ ಒಂದಕ್ಷರ ಬರೆಯಬೇಡಿ. ನಾಳೆ ಹೋದ ಕೂಡಲೇ ಟೈಮ್ ಆಫೀಸ್ ಪಕ್ಕದ ಆ ನೋಟಿಸ್‌ನ ಫೋಟೋ ತೆಗೆದುಕೊಳ್ಳಿ, ತಾರೀಖು ಕಾಣಬೇಕು. ಅದು ಮಧ್ಯಾಹ್ನದೊಳಗೆ ಬದಲಾಗುತ್ತದೆ. ಫೋನಿನಲ್ಲಿ ಹೇಳಿದ್ದನ್ನು ಈಗಲೇ, ಇವತ್ತೇ, ಮೇಲ್‌ನಲ್ಲಿ ಬರೆಯಿರಿ: "ಈಗ ತಾವು ಫೋನಿನಲ್ಲಿ ಹೇಳಿದಂತೆ" ಅಂತ ಶುರು ಮಾಡಿ. ಮಡಿಸಿದ ಆ ಹಾಳೆ ಎಲ್ಲಿದೆ?

ಹೆಸರು ಬೇಡ: ನನ್ನ ಡ್ರಾಯರ್‌ನಲ್ಲಿ, ವೋಚರ್ ಫೈಲ್ ಕೆಳಗೆ.

ಟ್ರೈನರ್: ಡ್ರಾಯರ್ ಕೀ ಎಷ್ಟು ಜನರ ಹತ್ತಿರ ಇದೆ?

ಹೆಸರು ಬೇಡ: ಒಂದು ನನ್ನ ಹತ್ತಿರ. ಒಂದು ಅವರ ಹತ್ತಿರ.

ಟ್ರೈನರ್: ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ. ಹುಡುಗಿ ಒಪ್ಪಿದರೆ ಅವಳ ಎದುರಿಗೇ ಆರು ಪ್ರತಿ ಮಾಡಿಸಿ. ಆಫೀಸಿನ ಜೆರಾಕ್ಸ್ ಮಷಿನ್ ಬೇಡ, ಹೊರಗೆ ಮಾಡಿಸಿ. ಅವಳಿಗೊಂದು ಸ್ವೀಕೃತಿ ಕೊಡಿ, ತಾರೀಖು ಹಾಕಿ. ನಾಳಿನದೇ ತಾರೀಖು.

ಹೆಸರು ಬೇಡ: ಆಗಲಿ ಮೇಡಂ. ಆಫೀಸ್ ತೆರೆಯುವುದು ಎಂಟೂವರೆಗೆ. ಎಂಟಕ್ಕೇ ಹೋಗ್ತೀನಿ.