ವಾರ್‌ಹ್ಯಾಮರ್ ಕ್ವೆಸ್ಟ್: ಪತ್ರಿಕೆಯ ಕಾರ್ಡ್ ಸೇರಿಸಿದ ಮೇಲೆ ಒಂದು ಆಟವೂ ದಡ ಸೇರ್ತಿಲ್ಲ

ಚೌಕಾಬಾರ:
1995ರ ವಾರ್‌ಹ್ಯಾಮರ್ ಕ್ವೆಸ್ಟ್, ಅದೇ ನೆಲಮಾಳಿಗೆಯಲ್ಲಿ ರಾಕ್ಷಸರ ಜೊತೆ ಕಾದಾಡುವ ಬೋರ್ಡ್ ಆಟ, ಆಡುವವರು ಯಾರಾದರೂ ಇದ್ದೀರಾ? ಪೆಟ್ಟಿಗೆಯ ಕಾರ್ಡ್‌ಗಳಲ್ಲೇ ಆಡುವಾಗ ಎಲ್ಲ ಸರಿ ಇತ್ತು. ಈಗ ಹಳೇ ಪತ್ರಿಕೆ ಪುರವಣಿಗಳನ್ನು ನೋಡಿಕೊಂಡು ಹೊಸ ಸಾಹಸ, ಹೊಸ ರಾಕ್ಷಸರು, ಹೊಸ ಕೋಣೆಗಳಿಗೆ ನಾವೇ ಕಾರ್ಡ್ ಮಾಡಿ ಸೇರಿಸಿದ್ದೇವೆ. ಅಂದಿನಿಂದ ನಮ್ಮ ವೀರರಾದ ಬಾರ್ಬೇರಿಯನ್, ಡ್ವಾರ್ಫ್, ಎಲ್ಫ್, ವಿಝರ್ಡ್ (ಮಾಂತ್ರಿಕ) ನಾಲ್ವರೂ ಗುರಿಕೋಣೆ, ಅಂದರೆ ಸಾಹಸ ಮುಗಿಯುವ ಕೊನೆಯ ಕೋಣೆ, ಕಾಣುವ ಮೊದಲೇ ಸಾಯುತ್ತಾರೆ. ಹೊಸ ರಾಕ್ಷಸರು ಜಾಸ್ತಿ ಬಲಶಾಲಿ ಇರಬೇಕು ಅಂತ ಅವರನ್ನು ತೆಗೆದೂ ನೋಡಿದೆವು. ಅದೇ ಕಥೆ.

ಲಾಟೀನು:
ಮುಂದೆ ಯಾವ ಕೋಣೆ, ಯಾವ ದಾರಿ ಅಂತ ಹೇಳುವ ಡಂಜನ್ ಕಾರ್ಡ್ ಕಟ್ಟು ಹೇಗೆ ಜೋಡಿಸ್ತೀರಿ? ಹೊಸದರಲ್ಲಿ ಕವಲುದಾರಿ ಎಷ್ಟಿವೆ?

ಚೌಕಾಬಾರ:
ಎಲ್ಲ ಸೇರಿಸಿ ಕಲಸಿ, ಗುರಿಕೋಣೆಯ ಕಾರ್ಡನ್ನು ಕೆಳಗಿನ ಅರ್ಧಕ್ಕೆ ತೂರಿಸ್ತೇವೆ. ಕಟ್ಟು ಈಗ ಮೂವತ್ತರ ಹತ್ತಿರ ಇದೆ. ಹೊಸ ಕವಲು ನಾಲ್ಕೈದು ಇರಬಹುದು.

ಲಾಟೀನು:
ಹಾಗಾದ್ರೆ ರಾಕ್ಷಸರ ತಪ್ಪೇನಿಲ್ಲ ಗುರು, ನೀವು ನಡೆದೂ ನಡೆದೂ ಸಾಯ್ತಿದ್ದೀರಿ. ಮೂಲ ನಿಯಮದಲ್ಲಿ 6 ಕಾರ್ಡಿಗೆ ಗುರಿಕೋಣೆಯದನ್ನು ಸೇರಿಸಿ ಕಲಸಿ ಕೆಳಗಿಡಬೇಕು, ಮೇಲೆ ಇನ್ನು 6. ಒಟ್ಟು 13, ಅಷ್ಟೇ. ಕವಲು ಬಂದರೆ ಉಳಿದ ಕಟ್ಟನ್ನು ಎರಡು ಪಾಲು ಮಾಡಿ ಎರಡು ಬಾಗಿಲಿಗೂ ಇಡ್ತೀವಲ್ವಾ, ಗುರಿಕೋಣೆ ಯಾವ ಪಾಲಿನಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ, ತಪ್ಪು ಕಡೆ ಹೋದರೆ ಆ ಪಾಲು ಮುಗಿಯುವ ತನಕ ಹೋಗಿ ಅಷ್ಟೂ ದಾರಿ ವಾಪಸ್ ಬರಬೇಕು. ಆ ಖಾಲಿ ದಾರಿ ಪುಕ್ಕಟೆ ಅಲ್ಲ. ಪ್ರತಿ ಸುತ್ತಿನ ಶುರುವಿಗೆ ವಿಝರ್ಡ್ ಶಕ್ತಿಗೆ ದಾಳ ಹಾಕಿದಾಗ 1 ಬಿದ್ದರೆ ರಾಕ್ಷಸರನ್ನೋ ಬೇರೆ ಆಪತ್ತನ್ನೋ ತರುವ ಈವೆಂಟ್ ಕಾರ್ಡ್ ಎತ್ತಲೇಬೇಕು. ಸರಾಸರಿ ಆರು ಸುತ್ತಿಗೊಂದು ಅಂತ ಇಟ್ಕೊಳ್ಳಿ. ಮೂವತ್ತು ಕಾರ್ಡು, ಐದು ಕವಲು ಅಂದರೆ ಎಷ್ಟು ಸುತ್ತು ಆಗುತ್ತೆ ನೀವೇ ನೋಡಿ.

ಕಾರ್ಡ್ ಸೇರಿಸಬೇಡಿ, ಬದಲಾಯಿಸಿ. ಹೊಸ ಕೋಣೆ ಒಂದು ಒಳಗೆ ಬಂದರೆ ಹಳೇದೊಂದು ಹೊರಗೆ. ಒಂದು ಆಟಕ್ಕೆ ಕವಲು ಒಂದೇ ಸಾಕು.

ಪಗಡೆಕಾಯಿ:
ಇದೆಲ್ಲ ಯಾಕೆ, ಸುಮ್ನೆ ಪುರವಣಿ ಬಿಟ್ಟು ಆಡಿ.

ಲಾಟೀನು:
ಬಿಡೋದ್ಯಾಕೆ ಮಾರಾಯ್ರೇ? ಈ ಆಟಕ್ಕೆಂದೇ ಇದ್ದ ಡೆತ್‌ಬ್ಲೋ ಪತ್ರಿಕೆ ಬಂದಿದ್ದೇ ಮೂರು ಸಂಚಿಕೆ, ವೈಟ್ ಡ್ವಾರ್ಫ್ ಪತ್ರಿಕೆಯಲ್ಲಿ ಬಂದ ಲೇಖನಗಳೂ ಬಿಡಿಬಿಡಿ. ಒಂದೊಂದಾಗಿ ಆಡಿದರೆ ಅದರ ರುಚಿಯೇ ಬೇರೆ. ಎಲ್ಲವನ್ನೂ ಒಂದೇ ಕಟ್ಟಿಗೆ ಸುರಿದರೆ ಮಾತ್ರ ಕೆಡುತ್ತೆ. ಇನ್ನೊಂದು, ಮನೆಯಲ್ಲಿ ಪ್ರಿಂಟ್ ಹಾಕಿದ ಕಾರ್ಡ್ ತೆಳ್ಳಗಿರುತ್ತೆ, ಕಟ್ಟಿನ ಅಂಚು ನೋಡಿದರೇ ಮುಂದೇನು ಅಂತ ಗೊತ್ತಾಗುತ್ತೆ. ಎಲ್ಲದಕ್ಕೂ ಹಿಂಬದಿ ಕಾಣದ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್) ಹಾಕಿ, ಹೊಸದರ ಹಿಂದೆ ಒಂದು ದಪ್ಪ ರಟ್ಟು ಸೇರಿಸಿ.

ಚೌಕಾಬಾರ:
13 ಕಾರ್ಡು, ಒಂದೇ ಕವಲು ಇಟ್ಟು ಆಡಿದೆವು. 11ನೇ ಕಾರ್ಡಿಗೇ ಗುರಿಕೋಣೆ ಸಿಕ್ತು. ಎಲ್ಫ್ ಹೋದ, ಉಳಿದ ಮೂವರು ಹೊರಗೆ ಬಂದರು. ಈಗ ತೆಗೆದಿಟ್ಟ ರಾಕ್ಷಸರನ್ನು ವಾಪಸ್ ಹಾಕಬಹುದಾ?

ಲಾಟೀನು:
ಹಾಕಿ, ಆದರೆ ಅಲ್ಲೂ ಒಂದಕ್ಕೆ ಒಂದು ಲೆಕ್ಕವೇ. ಮೊದಲ ಹಂತದ ವೀರರಿದ್ದರೆ ದೊಡ್ಡ ರಾಕ್ಷಸರನ್ನು ಒಂದೆರಡು ಹಂತ ಏರುವ ತನಕ ಪಕ್ಕಕ್ಕಿಡಿ.