ಪ್ರಮಾಣಪತ್ರ ಬಂತು, ಕೆಲಸ ಬರುತ್ತದೆಯೇ? ಕಂಪ್ಯೂಟರ್ ಭದ್ರತೆಯ ಪ್ರಶ್ನೋತ್ತರ

ನಿರ್ವಾಹಕ: ಭದ್ರತಾ ಪ್ರಮಾಣಪತ್ರಗಳ ಬಗ್ಗೆ ಇಂದು ಮೇಡಂ ಉತ್ತರಿಸುತ್ತಾರೆ. ಸೈಬರ್ ದಾಳಿಗಳ ತನಿಖೆ ಅವರ ವೃತ್ತಿ. ಹೊಸಬರ ಸಂದರ್ಶನವನ್ನೂ ಮಾಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶಗಳು ಬೇಡ.

ಕೊನೆಯ ವರ್ಷ: ನಮಸ್ಕಾರ ಮೇಡಂ. ಓದು ಮುಗಿಯುತ್ತಿದೆ. ಸ್ನೇಹಿತರೆಲ್ಲ ನೇರವಾಗಿ ಸಿಐಎಸ್‌ಎಸ್‌ಪಿ ಮಾಡು ಎನ್ನುತ್ತಾರೆ. ಮಾಡಲೇ?

ಮೇಡಂ: ನಮಸ್ಕಾರ. ಅದು ಅನುಭವಿಗಳಿಗಾಗಿ ಇರುವ ಭದ್ರತಾ ಪ್ರಮಾಣಪತ್ರ, ಪರೀಕ್ಷೆ ಪಾಸಾದರೆ ಸಾಲದು. ಭದ್ರತೆಯ ಎಂಟು ವಿಭಾಗಗಳ ಪೈಕಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷ ದುಡಿದಿರಬೇಕು. ಸಂಬಂಧಪಟ್ಟ ಪದವಿಯಿದ್ದರೆ ಒಂದು ವರ್ಷದ ವಿನಾಯಿತಿ ಇದೆ. ಅನುಭವವಿಲ್ಲದೆ ಪಾಸಾದವರು ‘ಅಸೋಸಿಯೇಟ್’ ಆಗಿ ಉಳಿಯುತ್ತಾರೆ, ಅನುಭವ ಗಳಿಸಲು ಆರು ವರ್ಷ ಸಿಗುತ್ತದೆ. ನಿಮಗೆ ಈಗ ಆರಂಭಿಕರ ಪ್ರಮಾಣಪತ್ರವಾದ ಸೆಕ್ಯುರಿಟಿ ಪ್ಲಸ್ ಸಾಕು. ಅದಕ್ಕೂ ಮೊದಲು ನೆಟ್‌ವರ್ಕ್ ಕಲಿಯಿರಿ. ಮೂರು ಪ್ರಮಾಣಪತ್ರ ಹಿಡಿದು ಬಂದವರು ನೆಟ್‌ವರ್ಕ್‌ನ ಮೊದಲ ಪಾಠವಾದ ಡಿಎನ್‌ಎಸ್ ಎಂದರೇನು ಎಂದು ಕೇಳಿದ ಕೂಡಲೇ ಮೇಜು ನೋಡಲು ಶುರುಮಾಡುತ್ತಾರೆ.

ಹನ್ನೆರಡು ವರ್ಷ: ನಾನು ನೆಟ್‌ವರ್ಕ್ ನಿರ್ವಾಹಕ. ಫೈರ್‌ವಾಲ್ ನಿಯಮಗಳು, ಬಳಕೆದಾರರ ಪ್ರವೇಶಾನುಮತಿ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಹುದ್ದೆಯ ಹೆಸರಿನಲ್ಲಿ ‘ಭದ್ರತೆ’ ಎಂಬ ಪದವಿಲ್ಲ. ನನ್ನ ಅನುಭವ ಲೆಕ್ಕಕ್ಕೆ ಬರುತ್ತದೆಯೇ?

ಮೇಡಂ: ಬರುತ್ತದೆ. ಹುದ್ದೆಯ ಹೆಸರು ಏನೇ ಇರಲಿ, ಮಾಡಿದ ಕೆಲಸವೇ ಮುಖ್ಯ. ನೀವು ಹೇಳಿದ ಎರಡೂ ಕೆಲಸಗಳು ಎರಡು ಬೇರೆ ಬೇರೆ ವಿಭಾಗಗಳಿಗೆ ಸೇರುತ್ತವೆ. ಸಿಐಎಸ್‌ಎಸ್‌ಪಿ ನಿಮ್ಮಂಥವರಿಗಾಗಿಯೇ ಇರುವುದು.

ಸುಪ್ರಭಾತ: ಎಲ್ಲರಿಗೂ ಉಪಯೋಗವಾಗಲಿ ಎಂದು ಹಂಚಿಕೊಳ್ಳುತ್ತಿದ್ದೇನೆ. “ಪರೀಕ್ಷೆಯ ಅಸಲಿ ಪ್ರಶ್ನೆಗಳ ಪಿಡಿಎಫ್. ಓದದೆಯೇ ಪಾಸಾಗಿ. ಹತ್ತು ಜನರಿಗೆ ಕಳುಹಿಸಿ.”

ಮೇಡಂ: ದಯವಿಟ್ಟು ಅಳಿಸಿ. ಅದು ಕದ್ದ ಪ್ರಶ್ನೆಪತ್ರಿಕೆ. ಪರೀಕ್ಷೆಗೆ ಮುನ್ನ ಗೋಪ್ಯತೆಯ ಕರಾರಿಗೆ ಒಪ್ಪಿರುತ್ತೀರಿ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಭದ್ರತೆ ಕಲಿಯಲು ಹೊರಟವರು ಅಪರಿಚಿತರ ಪಿಡಿಎಫ್ ತೆರೆಯುತ್ತೀರಲ್ಲ, ಅದಕ್ಕೆ ಏನು ಹೇಳುವುದೋ ತಿಳಿಯದು.

ರಾತ್ರಿ ಪಾಳಿ: ಮೇಡಂ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಂಥದ್ದೇ ಪಿಡಿಎಫ್ ಬಾಯಿಪಾಠ ಮಾಡಿ ಪಾಸಾದೆ. ಪ್ರಮಾಣಪತ್ರ ನೋಡಿಯೇ ಕೆಲಸ ಕೊಟ್ಟರು. ಈಗ ಸೈಬರ್ ದಾಳಿಗಳ ನಿಗಾ ಕೇಂದ್ರದಲ್ಲಿ ರಾತ್ರಿಯಿಡೀ ನಾನೊಬ್ಬನೇ. ಪರದೆಯ ಮೇಲೆ ಅಲರ್ಟ್‌ಗಳು ಬರುತ್ತಲೇ ಇರುತ್ತವೆ. ಅರ್ಥವಾಗದವನ್ನು ‘ಸುಳ್ಳು ಎಚ್ಚರಿಕೆ’ ಎಂದು ಬರೆದು ಮುಚ್ಚುತ್ತೇನೆ. ಮೂರು ವಾರವಾಯಿತು. ಇನ್ನೊಂದು ಪ್ರಮಾಣಪತ್ರ ಮಾಡಿದರೆ ಸರಿಹೋಗುತ್ತದೆಯೇ?

ಮೇಡಂ: ಇಲ್ಲ. ಆದರೆ ನೀವು ಕೇಳಿದ್ದು ಒಳ್ಳೆಯದಾಯಿತು, ಗಮನವಿಟ್ಟು ಓದಿ.

ನೀವು ಮುಚ್ಚಿದ ಪ್ರತಿಯೊಂದು ಅಲರ್ಟ್‌ನ ಕೆಳಗೂ ‘ಒಬ್ಬರು ಪರಿಶೀಲಿಸಿದ್ದಾರೆ’ ಎಂಬ ಷರಾ ಇರುತ್ತದೆ. ಹಗಲು ಪಾಳಿಯವರು ಅದನ್ನು ನಂಬಿ ಮುಂದೆ ಹೋಗುತ್ತಾರೆ. ಯಾರೂ ನೋಡದ ಅಲರ್ಟ್‌ಗಿಂತ ನೋಡಿದಂತೆ ಮಾಡಿದ ಅಲರ್ಟ್ ಕೆಟ್ಟದ್ದು, ಏಕೆಂದರೆ ಅದನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಆದ್ದರಿಂದ ಈ ಗಳಿಗೆಯಿಂದ ತಿಳಿಯದ್ದನ್ನು ಮುಚ್ಚಬೇಡಿ. ‘ನನಗೆ ಅರ್ಥವಾಗಿಲ್ಲ, ಹಿರಿಯರು ನೋಡಬೇಕು’ ಎಂದು ಬರೆದು ಮೇಲಕ್ಕೆ ಕಳುಹಿಸಿ. ಬೈದರೆ ಬೈಯಲಿ.

ಎರಡನೆಯದು, ಮುಚ್ಚಿದ್ದನ್ನು ತಿರುಗಿ ನೋಡಿ. ವಿಂಡೋಸ್ ಲಾಗ್‌ನಲ್ಲಿ, ಅಂದರೆ ಯಂತ್ರದ ಘಟನೆಗಳ ದಾಖಲೆಯಲ್ಲಿ, 4625 ಎಂದರೆ ವಿಫಲ ಲಾಗಿನ್, 4624 ಎಂದರೆ ಯಶಸ್ವಿ ಲಾಗಿನ್. ಒಂದೇ ಖಾತೆಗೆ 4625ರ ಸಾಲುಸಾಲು, ಅದರ ಬೆನ್ನಿಗೇ ಒಂದು 4624 ಇದ್ದರೆ ಗುಪ್ತಪದ ಊಹಿಸಿ ಒಳಬಂದಿರಬಹುದು. ಆ 4624ರಲ್ಲಿ ಲಾಗಿನ್ ವಿಧ 10 ಎಂದಿದ್ದರೆ ದೂರದಿಂದ ಯಂತ್ರ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದಿದ್ದಾರೆ. 1102 ಕಂಡರೆ ಭದ್ರತಾ ಲಾಗ್ ಅನ್ನೇ ಒರೆಸಲಾಗಿದೆ. ಕಾರಣ ತಿಳಿಯುವವರೆಗೂ ಸುಮ್ಮನಿರಬೇಡಿ. ವರ್ಡ್ ಕಡತ ತೆರೆದ ಬೆನ್ನಿಗೆ ಆಜ್ಞೆಗಳನ್ನು ನಡೆಸುವ ಪವರ್‌ಶೆಲ್ ಓಡಿದ್ದರೆ, ಅದರ ಜೊತೆ ಆಜ್ಞೆಯನ್ನು ಮರೆಮಾಚಬಲ್ಲ ಬೇಸ್64 ರೂಪದ ಉದ್ದನೆಯ ಅಕ್ಷರಸಾಲು ಇದ್ದರೆ, ಅದೂ ಮೇಲಕ್ಕೆ ಹೋಗಬೇಕು.

ಏನಾದರೂ ಸಿಕ್ಕಿದರೆ ಗಾಬರಿಯಲ್ಲಿ ಯಂತ್ರದ ವಿದ್ಯುತ್ ಆರಿಸಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ನಿಮ್ಮ ಸಂಸ್ಥೆಯ ಕ್ರಮದಂತೆ ಅದನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಬೇಕು.

ಮೂರನೆಯದು ಕಷ್ಟದ್ದು. ನಾಳೆ ಮೇಲಧಿಕಾರಿಗೆ ನೀವೇ ಹೇಳಿ: ಇಂತಿಷ್ಟು ಅಲರ್ಟ್ ಅರ್ಥವಾಗದೆ ಮುಚ್ಚಿದ್ದೇನೆ, ಮತ್ತೆ ತೆರೆಯಬೇಕು. ಕೆಲಸ ಹೋಗಲಿಕ್ಕಿಲ್ಲ ಎಂದು ನಾನು ಮಾತು ಕೊಡಲಾರೆ. ಹೊಸಬನನ್ನು ರಾತ್ರಿ ಒಂಟಿಯಾಗಿ ಕೂರಿಸಿದವರ ತಪ್ಪೂ ಇದರಲ್ಲಿ ಇದೆ.

ಬೇರು: ಅದಕ್ಕೇ ಹೇಳುವುದು, ಆಯ್ಕೆ ಪ್ರಶ್ನೆಗಳ ಪರೀಕ್ಷೆಗಳೆಲ್ಲ ಕಾಗದ. ಓಎಸ್‌ಸಿಪಿ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ 23 ಗಂಟೆ 45 ನಿಮಿಷ ಯಂತ್ರಗಳನ್ನು ಭೇದಿಸಬೇಕು, ಮರುದಿನ ವರದಿ ಬರೆಯಬೇಕು. ಬಾಯಿಪಾಠದ ಆಟ ನಡೆಯುವುದಿಲ್ಲ.

ಕೆಂಪು ಶಾಯಿ: ನಾನು ಸಿಐಎಸ್‌ಎ ಮಾಡಿದ, ಮಾಹಿತಿ ವ್ಯವಸ್ಥೆಗಳ ಪರಿಶೋಧಕ. 1978ರಿಂದ ಇರುವ ಪ್ರಮಾಣಪತ್ರ, ಕಾಗದ ಎಂದು ತಳ್ಳಿಬಿಟ್ಟಿರಲ್ಲ. ಕೆಲಸ ಬಿಟ್ಟುಹೋದವರ ಖಾತೆ ಇನ್ನೂ ಜೀವಂತವಿದೆ ಎಂದು ಕಂಡುಹಿಡಿಯುವವರು ನಾವು.

ಬೇರು: ಆ ಖಾತೆ ಬಳಸಿ ಒಳಹೋಗಿ ತೋರಿಸುವವರು ನಾವು.

ಕೆಂಪು ಶಾಯಿ: ಹೌದು, ತೋರಿಸಿದ ಮೇಲೆ ನಿಮ್ಮ ವರದಿಯನ್ನು ಕನ್ನಡಿಯ ಮುಂದೆ ಓದಿಕೊಳ್ಳುತ್ತೀರಿ. ಸರಿಪಡಿಸಿದರೋ ಇಲ್ಲವೋ ಎಂದು ಆರು ತಿಂಗಳಾದ ಮೇಲೆ ಹೋಗಿ ನೋಡುವವರು ಯಾರು?

ಬೇರು: ಪಟ್ಟಿಯಲ್ಲಿ ಟಿಕ್ ಹಾಕುವುದಕ್ಕೆ ಇಷ್ಟು ಜಂಬವೇ?

ಕೊನೆಯ ವರ್ಷ: ಮೇಡಂ, ಸಿಐಎಸ್‌ಎಸ್‌ಪಿ ಬೇಡ ಎಂದರೆ ನೈತಿಕ ಹ್ಯಾಕಿಂಗ್‌ನ ಸಿಇಎಚ್ ಮಾಡಲೇ?

ಮೇಡಂ: ಮೇಲೆ ಉತ್ತರಿಸಿದ್ದೇನೆ. ಒಬ್ಬರಿಗೆ ಒಂದೇ ಪ್ರಶ್ನೆ.

ಗೃಹಿಣಿ, ಮರಳಿ ಕೆಲಸಕ್ಕೆ: ಎಂಟು ವರ್ಷ ಬಿಡುವಾದ ಮೇಲೆ ಮತ್ತೆ ಈ ಕ್ಷೇತ್ರಕ್ಕೆ ಬರಬೇಕೆಂದಿದ್ದೇನೆ. ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಎಲ್ಲಿಂದ ಆರಂಭಿಸಲಿ?

ಸುಪ್ರಭಾತ: “ಈ ಐದು ಪ್ರಮಾಣಪತ್ರ ಮಾಡಿದವರಿಗೆ ಕೆಲಸ ಖಚಿತ. ವೈದ್ಯರೂ ಕೆಲಸ ಬಿಟ್ಟು ಸೇರುತ್ತಿದ್ದಾರೆ.”

ಮೇಡಂ: ಇದು ಎರಡನೆಯ ಸಲ. ಯಾವ ಪ್ರಮಾಣಪತ್ರವೂ ಕೆಲಸವನ್ನು ಖಚಿತಪಡಿಸುವುದಿಲ್ಲ. ಅರ್ಜಿಗಳ ರಾಶಿಯಲ್ಲಿ ನಿಮ್ಮದು ಕೆಳಗೆ ಬೀಳದಂತೆ ತಡೆಯುತ್ತದೆ, ಅಷ್ಟೇ. ಆಮೇಲೆ ನನ್ನಂಥವಳು ಎದುರು ಕೂತಿರುತ್ತಾಳೆ. ನಿರ್ವಾಹಕರೇ, ಇವರನ್ನು ನೀವು ನೋಡಿಕೊಳ್ಳಿ.

ಸುಪ್ರಭಾತ: ಒಳ್ಳೆಯದಕ್ಕೆ ಕಳುಹಿಸಿದರೆ ಇಷ್ಟು ಸಿಡುಕೇ? ವಿದ್ಯೆಗೆ ವಿನಯವೇ ಭೂಷಣ ಎನ್ನುತ್ತಾರೆ.

ಕೆಂಪು ಶಾಯಿ: ವಿದ್ಯೆ ಇದ್ದವರಿಗೆ ಎಂದು ಓದಿಕೊಳ್ಳಿ.

ನಿರ್ವಾಹಕ: ಎಲ್ಲರೂ ಸ್ವಲ್ಪ ತಾಳ್ಮೆಯಿಂದಿರಿ.

ರಾತ್ರಿ ಪಾಳಿ: ಮೇಡಂ, ನೋಡಿದೆ. ಒಂದೇ ಖಾತೆಗೆ 4625 ಇನ್ನೂರಕ್ಕೂ ಹೆಚ್ಚು. ಕೊನೆಗೆ ಒಂದು 4624, ವಿಧ 10. ನಸುಕಿನ ಮೂರು ಗಂಟೆ. ಒಂಬತ್ತು ದಿನದ ಹಿಂದೆ. ಮುಚ್ಚಿದ್ದು ನಾನೇ.

ಮೇಡಂ: ಇಲ್ಲಿ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ. ಖಾತೆಯ ಹೆಸರು, ಯಂತ್ರದ ಹೆಸರು ಯಾವುದನ್ನೂ ಹಾಕಬೇಡಿ. ನಾಳೆಯವರೆಗೆ ಕಾಯದೆ ಈಗಲೇ ಹಿರಿಯರಿಗೆ ಫೋನ್ ಮಾಡಿ. ನಿದ್ದೆಯಲ್ಲಿದ್ದರೆ ಎಬ್ಬಿಸಿ.

ಬೇರು: ನಾನು ಹೇಳಿದ್ದು ಇದನ್ನೇ.

ಮೇಡಂ: ನೀವು ಹೇಳಿದ್ದು ಇದನ್ನಲ್ಲ.

ಕೊನೆಯ ವರ್ಷ: ಮೇಡಂ, ವಿಧ 10 ಎಂಬುದು ಪರೀಕ್ಷೆಯಲ್ಲಿ ಬರುತ್ತದೆಯೇ?